ಮೊಬೈಲ್ ಫೋನು ಕೊಳ್ಳುವ ಮುನ್ನ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಬಿತ್ತನೆ ಬೀಜವಾದರೆ ಚೀಟಿ ಓದಿ, ಮೊಳಕೆ ಪರೀಕ್ಷೆ ಮಾಡಿ ಬಿತ್ತುತ್ತಾನೆ. ಅದೇ ರೈತ ಮೊಬೈಲ್ ಫೋನು ಕೊಳ್ಳುವಾಗ ಮಾತ್ರ ಅಂಗಡಿಯವನು ತೋರಿಸಿದ್ದನ್ನೋ ನೆರೆಯವನ ಕೈಯಲ್ಲಿ ಕಂಡದ್ದನ್ನೋ ತಂದುಬಿಡುತ್ತಾನೆ. ಹೊಲಕ್ಕೆ ಹೋದ ಮೇಲೆ ಅದರಲ್ಲಿ ಸಿಗ್ನಲ್ ಇಲ್ಲ, ಸಂಜೆಯೊಳಗೆ ಚಾರ್ಜು ಮುಗಿಯುತ್ತದೆ, ಮೊದಲ ಮಳೆಗೇ ಕೆಡುತ್ತದೆ. ಅಗ್ಗವೆಂದು ಮುಗ್ಗಿದ ಜೋಳ ತಂದವನ ಪಾಡು ಅವನದಾಗುತ್ತದೆ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ. ಆಗ ಅದು ಸಿರಿವಂತರ ವಸ್ತು. ಇಂದು ಅದು ಕುಡುಗೋಲು, ಸನಿಕೆಗಳಂತೆ ಬೇಸಾಯದ ಒಂದು ಉಪಕರಣ. ರಾತ್ರಿ ಕರೆಂಟು ಬಂದಾಗ ಮೊಬೈಲ್ ಸ್ಟಾರ್ಟರಿಗೆ ಕರೆ ಮಾಡಿ ಪಂಪು ನಡೆಸಲು, ಮಾರುಕಟ್ಟೆಯ ಧಾರಣೆ ತಿಳಿಯಲು, ಬ್ಯಾಂಕಿನ ಸಂದೇಶ ಪಡೆಯಲು ಅದು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹೊಲದಲ್ಲಿ ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಲು ಬೇಕು. ಆ ಹೊತ್ತಿನಲ್ಲಿ ಕೆಲಸಕ್ಕೆ ಬಾರದ ಫೋನು ಎಷ್ಟೇ ಅಂದವಾಗಿದ್ದರೂ ವ್ಯರ್ಥ. ಆದುದರಿಂದ ಫೋನನ್ನು ಅಂಗಡಿಯ ದೀಪದ ಬೆಳಕಿನಲ್ಲಿ ಆರಿಸದೆ, ನಿಮ್ಮ ಹೊಲವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು. ಅದು ಹೇಗೆಂಬುದನ್ನು ಮುಂದೆ ತಿಳಿಸಲಾಗಿದೆ.

ಮೊದಲು ಕೆಲಸ ಗೊತ್ತುಮಾಡಿ

ಫೋನುಗಳಲ್ಲಿ ಮುಖ್ಯವಾಗಿ ಎರಡು ಬಗೆ: ಬಟನ್ ಫೋನು ಮತ್ತು ಟಚ್ ಫೋನು. ಮಾತನಾಡುವುದು, ಸಂದೇಶ ಓದುವುದು, ಓ.ಟಿ.ಪಿ. ಪಡೆಯುವುದು, ಪಂಪಿನ ಸ್ಟಾರ್ಟರಿಗೆ ಕರೆ ಮಾಡುವುದು, ರೇಡಿಯೋ ಕೇಳುವುದು, ಕತ್ತಲಲ್ಲಿ ಟಾರ್ಚ್ ಹಚ್ಚುವುದು ಇಷ್ಟೇ ನಿಮ್ಮ ಅಗತ್ಯವಾದರೆ ಬಟನ್ ಫೋನೇ ಮೇಲು. ಹಣ ಕಳುಹಿಸುವ ಯು.ಪಿ.ಐ. ಸೌಲಭ್ಯವೂ 2022ರ ಮಾರ್ಚ್‌ನಿಂದ ‘123 ಪೇ’ ಎಂಬ ಹೆಸರಿನಲ್ಲಿ ಬಟನ್ ಫೋನುಗಳಿಗೆ ದೊರೆತಿದೆ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಬೆಳೆಯ ವಿಷಯ ಕನ್ನಡದಲ್ಲೇ ಕೇಳಲು ಯಾವ ಫೋನಾದರೂ ಸಾಕು, ಕರೆಗೆ ಖರ್ಚಿಲ್ಲ.

ರೋಗ ತಗುಲಿದ ಎಲೆಯ ಚಿತ್ರ ತೆಗೆದು ತಜ್ಞರಿಗೆ ಕಳುಹಿಸಬೇಕು, ನಿಮ್ಮ ಬೆಳೆ ಸಮೀಕ್ಷೆಯನ್ನು ನೀವೇ ಮಾಡಬೇಕು, ಹವಾಮಾನದ ‘ಮೇಘದೂತ್’ ಅಥವಾ ಸಿಡಿಲಿನ ಮುನ್ಸೂಚನೆಯ ‘ದಾಮಿನಿ’ ನೋಡಬೇಕು, ವಾಟ್ಸಾಪ್ ಬೇಕು ಎಂದಾದರೆ ಟಚ್ ಫೋನು ಅವಶ್ಯ.

ಎರಡೂ ಬೇಕಾದ ಮನೆಗಳಲ್ಲಿ ಒಂದು ಒಳ್ಳೆಯ ಉಪಾಯವಿದೆ. ದುಬಾರಿ ಬೆಲೆಯ ಎರಡು ಟಚ್ ಫೋನುಗಳ ಬದಲು ಮನೆಯಲ್ಲಿರಲು ಒಂದು ಸಾಧಾರಣ ಟಚ್ ಫೋನನ್ನೂ, ಹೊಲಕ್ಕೆ ಹೋಗುವವರ ಜೇಬಿಗೆ ಒಂದು ಗಟ್ಟಿ ಬಟನ್ ಫೋನನ್ನೂ ಇಟ್ಟುಕೊಳ್ಳಬಹುದು. ಬ್ಯಾಂಕು, ಆಧಾರ್ ಮತ್ತು ಪಿ.ಎಂ. ಕಿಸಾನ್‌ಗೆ ಕೊಟ್ಟಿರುವ ಸಂಖ್ಯೆಯ ಸಿಮ್ ಯಾವ ಫೋನಿನಲ್ಲಿರಬೇಕೆಂಬುದನ್ನು ಮೊದಲೇ ತೀರ್ಮಾನಿಸಿರಿ. ಓ.ಟಿ.ಪಿ. ಬರುವುದು ಆ ಸಂಖ್ಯೆಗೇ.

ಸಿಗ್ನಲನ್ನು ಹೊಲದಲ್ಲೇ ಪರೀಕ್ಷಿಸಿ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕುವುದು ಹೇಗೆ ಸರಿಯಲ್ಲವೋ ಸಿಗ್ನಲ್ ಪರೀಕ್ಷೆ ಮಾಡದೆ ಫೋನು ಕೊಳ್ಳುವುದೂ ಹಾಗೆಯೇ. ಬೇರೆ ಬೇರೆ ಕಂಪನಿಗಳ ಸಿಮ್ ಇರುವ ನೆರೆಹೊರೆಯವರನ್ನು ಒಮ್ಮೆ ನಿಮ್ಮ ಹೊಲಕ್ಕೆ ಕರೆದುಕೊಂಡು ಹೋಗಿರಿ. ಪಂಪ್ ಮನೆ, ದನದ ಕೊಟ್ಟಿಗೆ, ತಗ್ಗಿನ ಗದ್ದೆ, ಮನೆಯ ಒಳಕೋಣೆ ಈ ನಾಲ್ಕು ಕಡೆಗಳಿಂದ ಕರೆ ಮಾಡಿಸಿ ನೋಡಿರಿ. ಯಾವ ಕಂಪನಿಯ ಮಾತು ತುಂಡಾಗದೆ ಕೇಳುತ್ತದೆಯೋ ಆ ಸಿಮ್ಮಿಗೆ ಹೊಂದುವ ಫೋನನ್ನು ಕೊಳ್ಳಬೇಕು.

ಇಲ್ಲಿ ಅನೇಕರು ಮೋಸಹೋಗುವ ಒಂದು ಅಂಶವಿದೆ. ಅತಿ ಅಗ್ಗದ ಬಟನ್ ಫೋನುಗಳಲ್ಲಿ ಹಲವು ಕೇವಲ 2ಜಿ ಫೋನುಗಳು. ಜಿಯೋ ಜಾಲ 2016ರಲ್ಲಿ ಪ್ರಾರಂಭವಾದದ್ದೇ 4ಜಿಯಿಂದ. ಅದರಲ್ಲಿ 2ಜಿ ಇಲ್ಲ. ಆದುದರಿಂದ ಜಿಯೋ ಸಿಮ್ಮನ್ನು 2ಜಿ ಫೋನಿಗೆ ಹಾಕಿದರೆ ಅದು ಕೆಲಸ ಮಾಡುವುದಿಲ್ಲ. ಅದೇ ರೀತಿ ಜಿಯೋ ಹೆಸರಿನ ಬಟನ್ ಫೋನುಗಳಲ್ಲಿ ಬೇರೆ ಕಂಪನಿಯ ಸಿಮ್ ನಡೆಯುವುದಿಲ್ಲ. 3ಜಿ ಜಾಲಗಳನ್ನು ಕಂಪನಿಗಳು ಒಂದೊಂದಾಗಿ ಮುಚ್ಚುತ್ತ ಬಂದಿವೆ. ಈಗ ಕೊಳ್ಳುವವರು ಸ್ವಲ್ಪ ಹಣ ಹೆಚ್ಚಾದರೂ 4ಜಿ ಬಟನ್ ಫೋನನ್ನೇ ಕೊಳ್ಳುವುದು ಉತ್ತಮ. ಪೆಟ್ಟಿಗೆಯ ಮೇಲೆ 4ಜಿ ಎಂದಿದ್ದರಷ್ಟೇ ಸಾಲದು; ‘ವೋಲ್ಟೆ’ ಎಂದೂ ಇರಬೇಕು. 4ಜಿ ಜಾಲದಲ್ಲಿ ಮಾತನಾಡಲು ಅವಕಾಶ ಕೊಡುವುದು ಆ ವ್ಯವಸ್ಥೆಯೇ.

ಬ್ಯಾಟರಿ

ಬ್ಯಾಟರಿಯ ಸಾಮರ್ಥ್ಯವನ್ನು ಮಿಲಿ ಆಂಪಿಯರ್ ಅವರ್ (ಎಂ.ಎ.ಎಚ್.) ಎಂಬ ಅಳತೆಯಲ್ಲಿ ಹೇಳುತ್ತಾರೆ. ಇದು ನೀರಿನ ತೊಟ್ಟಿಯ ಗಾತ್ರವಿದ್ದಂತೆ. ಆದರೆ ತೊಟ್ಟಿ ದೊಡ್ಡದಿದ್ದರೂ ತೂಬು ದೊಡ್ಡದಿದ್ದರೆ ನೀರು ಬೇಗ ಖಾಲಿಯಾಗುತ್ತದೆ. ಬಟನ್ ಫೋನಿನ ಪರದೆ ಚಿಕ್ಕದು, ಖರ್ಚು ಕಡಿಮೆ, 1,000 ಎಂ.ಎ.ಎಚ್. ಬ್ಯಾಟರಿಯಿಂದಲೇ ಕೆಲವು ದಿನ ನಡೆಯುತ್ತದೆ. ಟಚ್ ಫೋನಿನಲ್ಲಿ 5,000 ಎಂ.ಎ.ಎಚ್. ಇದ್ದರೂ ಒಂದೆರಡು ದಿನಕ್ಕಿಂತ ಹೆಚ್ಚು ಬರುವುದು ಅಪರೂಪ. ಟಚ್ ಫೋನಿಗೆ ಇದಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿರಿ.

ಸಿಗ್ನಲ್ ದುರ್ಬಲವಾಗಿರುವ ಕಡೆ ಫೋನು ದೂರದ ಟವರನ್ನು ಮುಟ್ಟಲು ಹೆಚ್ಚು ಶಕ್ತಿ ಬಳಸುತ್ತದೆ. ಊರಿನಲ್ಲಿ ಎರಡು ದಿನ ಬರುವ ಚಾರ್ಜು ಹೊಲದಲ್ಲಿ ಒಂದೇ ದಿನಕ್ಕೆ ಮುಗಿಯುವುದು ಇದರಿಂದಲೇ.

ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿಯನ್ನು ಕೈಯಿಂದಲೇ ಬದಲಾಯಿಸುವಂತಿದ್ದರೆ ಅದೊಂದು ದೊಡ್ಡ ಅನುಕೂಲ. ಎರಡು ಮೂರು ವರ್ಷಗಳಲ್ಲಿ ಬ್ಯಾಟರಿ ಸೊರಗಿದಾಗ ಅದನ್ನಷ್ಟೇ ಹೊಸದು ತಂದರೆ ಸಾಕು. ಬದಲಿ ಬ್ಯಾಟರಿ ನಿಮ್ಮ ತಾಲ್ಲೂಕು ಪೇಟೆಯಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿರಿ. ಬ್ಯಾಟರಿ ಮತ್ತು ಚಾರ್ಜರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಹಾಗೂ ‘ಆರ್’ ಅಕ್ಷರದಿಂದ ಪ್ರಾರಂಭವಾಗುವ ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಕೊಳ್ಳಬೇಡಿರಿ.

ಧೂಳು, ನೀರು, ಪೆಟ್ಟು

ನಿಮ್ಮ ಪಂಪಿನ ಮೋಟಾರಿಗೆ ಹೊಡೆದಿರುವ ತಗಡಿನ ಪಟ್ಟಿಯಲ್ಲಿ ಐ.ಪಿ.44 ಅಥವಾ ಐ.ಪಿ.55 ಎಂದು ಬರೆದಿರುವುದನ್ನು ಕಂಡಿರಬಹುದು. ಫೋನುಗಳಿಗೂ ಇದೇ ಅಳತೆಯುಂಟು. ಮೊದಲ ಅಂಕಿ ಧೂಳಿನ ತಡೆಯನ್ನೂ ಎರಡನೆಯದು ನೀರಿನ ತಡೆಯನ್ನೂ ಸೂಚಿಸುತ್ತದೆ. ಐ.ಪಿ.54 ಎಂದರೆ ಹಾನಿಯಾಗುವಷ್ಟು ಧೂಳು ಒಳಹೋಗದು, ನೀರಿನ ಎರಚಲು ತಡೆಯುತ್ತದೆ ಎಂದರ್ಥ. ಐ.ಪಿ.67 ಎಂದರೆ ಧೂಳು ಸ್ವಲ್ಪವೂ ಒಳಹೋಗದು ಮತ್ತು ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದು ಎಂದರ್ಥ. ಮಳೆಯಲ್ಲಿ ಕೆಲಸ ಮಾಡುವ ಮಲೆನಾಡು, ಕರಾವಳಿಯ ರೈತರೂ ಒಕ್ಕಣೆಯ ಧೂಳಿನಲ್ಲಿರುವ ಬಯಲುಸೀಮೆಯವರೂ ಈ ಅಂಕಿಗಳನ್ನು ಕೇಳಿ ತಿಳಿಯಬೇಕು. ಆದರೆ ಒಂದು ಎಚ್ಚರಿಕೆ: ಈ ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ, ಹೊಸ ಫೋನಿನ ಮೇಲೆ. ಕೆಸರು, ಗೊಬ್ಬರದ ನೀರು, ಔಷಧಿ ದ್ರಾವಣಗಳಿಗೆ ಅದು ಅನ್ವಯಿಸದು. ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ಗ್ಯಾರಂಟಿಯೂ ಇರುವುದಿಲ್ಲ.

ಅಗ್ಗದ ಫೋನುಗಳ ಮೇಲೆ ಐ.ಪಿ. ಅಂಕಿ ಇರುವುದು ಕಡಿಮೆ. ಆಗ ನೀವೇ ಪರೀಕ್ಷಿಸಿ ನೋಡಿರಿ. ಬಟನ್‌ಗಳ ನಡುವೆ ಸಂದುಗಳಿರದೆ ಒಂದೇ ರಬ್ಬರ್ ಹಾಸಿನಲ್ಲಿ ಅಚ್ಚುಹಾಕಿದಂತಿರಬೇಕು. 2003ರಲ್ಲಿ ಬಂದ ನೋಕಿಯಾ 1100 ಎಂಬ ಫೋನು ಇಂಥ ಧೂಳು ತಡೆಯುವ ಬಟನ್ ಹಾಸು, ಜಾರದ ಅಂಚು ಮತ್ತು ಟಾರ್ಚ್ ಇಟ್ಟುಕೊಂಡೇ ಹಳ್ಳಿಹಳ್ಳಿಗಳಲ್ಲಿ ಹೆಸರಾಯಿತು. ಪ್ರಪಂಚದಲ್ಲಿ 25 ಕೋಟಿಗೂ ಮೀರಿ ಮಾರಾಟವಾಯಿತು. ಆ ಮೂರು ಗುಣಗಳನ್ನು ಇಂದಿಗೂ ಹುಡುಕಬೇಕು. ಪರದೆ ಸುತ್ತಲಿನ ಅಂಚಿಗಿಂತ ಸ್ವಲ್ಪ ಒಳಗಿದ್ದರೆ ಬೋರಲು ಬಿದ್ದಾಗ ಗಾಜಿಗೆ ಪೆಟ್ಟು ತಗಲುವುದು ಕಡಿಮೆ.

ಬಳಸಲು ಸುಲಭವೇ?

ಟಚ್ ಫೋನಿನ ಗಾಜು ಬೆರಳಿನ ಒತ್ತಡವನ್ನಲ್ಲ, ಬೆರಳು ಮುಟ್ಟಿದಾಗ ಉಂಟಾಗುವ ಅತಿ ಸೂಕ್ಷ್ಮ ವಿದ್ಯುತ್ ಬದಲಾವಣೆಯನ್ನು ಗುರುತಿಸುತ್ತದೆ. ಕೈ ಒದ್ದೆಯಾಗಿದ್ದರೆ, ಕೆಸರಾಗಿದ್ದರೆ, ದುಡಿದು ಬೆರಳು ಜಡ್ಡುಗಟ್ಟಿದ್ದರೆ ಅದು ಸರಿಯಾಗಿ ಗುರುತಿಸದು. ಬಟನ್‌ಗೆ ಈ ತೊಂದರೆ ಇಲ್ಲ. ನೀವೂ ನಿಮ್ಮ ಮನೆಯ ಹಿರಿಯರೂ ಅಂಗಡಿಗೆ ಹೋಗಿ ಹೆಬ್ಬೆರಳಿನಿಂದ ಹತ್ತು ಅಂಕಿ ಒತ್ತಿ ನೋಡಿರಿ. ಎರಡು ಬಟನ್ ಒಟ್ಟಿಗೆ ಅದುಮಿದಂತಾದರೆ ಆ ಫೋನು ಬೇಡ.

ಪರದೆಯನ್ನು ಅಂಗಡಿಯಿಂದ ಹೊರಗೆ ತಂದು ಬಿಸಿಲಿನಲ್ಲಿ ಓದಿರಿ. ಗಂಟೆಯ ಸದ್ದು ಟ್ರ್ಯಾಕ್ಟರಿನ ಶಬ್ದದ ನಡುವೆ ಕೇಳುವಷ್ಟು ಜೋರಾಗಿರಬೇಕು. ಟಾರ್ಚ್ ಒಂದೇ ಒತ್ತಿಗೆ ಹತ್ತಬೇಕು. ಕನ್ನಡ ಅಕ್ಷರಗಳು ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತವೆಯೇ ಎಂಬುದನ್ನು ಒಂದು ಕನ್ನಡ ಸಂದೇಶ ತರಿಸಿಕೊಂಡು ನೋಡಬೇಕು.

2017ರಿಂದ ಮಾರಾಟವಾಗುವ ಫೋನುಗಳಲ್ಲಿ ಆಪತ್ಕಾಲದ ಬಟನ್ ಇರಬೇಕೆಂಬ ನಿಯಮವಿದೆ. ಬಟನ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಟಚ್ ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗನೆ ಮೂರು ಸಲ ಒತ್ತಿದರೆ 112ಕ್ಕೆ ಕರೆ ಹೋಗುವಂತೆ ಇದನ್ನು ರೂಪಿಸಲಾಗಿದೆ. ನಿಮ್ಮ ಫೋನಿನಲ್ಲಿ ಅದು ಯಾವುದೆಂದು ಅಂಗಡಿಯಲ್ಲೇ ಕೇಳಿ ತಿಳಿದುಕೊಂಡು ಮನೆಮಂದಿಗೆಲ್ಲ ಹೇಳಿಕೊಡಿರಿ. ಓದು ಬಾರದವರೂ ಇದನ್ನು ಕಲಿಯಬಲ್ಲರು.

ಟಚ್ ಫೋನು ಕೊಳ್ಳುವವರಿಗೆ

ಟಚ್ ಫೋನಿನ ಆಯುಸ್ಸು ಗಾಜಿನ ಮೇಲಷ್ಟೇ ಅಲ್ಲ, ತಂತ್ರಾಂಶದ ಮೇಲೂ ನಿಂತಿದೆ. ತಂತ್ರಾಂಶ ಹಳತಾದರೆ ಫೋನು ಚೆನ್ನಾಗಿದ್ದರೂ ಬ್ಯಾಂಕಿನ ಆ್ಯಪ್‌ಗಳು ನಡೆಯದಂತಾಗುತ್ತವೆ. ಅಂಗಡಿಯಲ್ಲಿ ವರ್ಷಗಟ್ಟಲೆ ಉಳಿದ ಮಾದರಿ ರಿಯಾಯಿತಿಯಲ್ಲಿ ಸಿಕ್ಕಿತೆಂದು ತರಬಾರದು. ಸುರಕ್ಷತೆಯ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂದು ಕೇಳಿರಿ. ರ‍್ಯಾಮ್ 4 ಜಿ.ಬಿ., ಸಂಗ್ರಹ ಸ್ಥಳ 64 ಜಿ.ಬಿ.ಗಿಂತ ಕಡಿಮೆಯಾದರೆ ಬೇಗ ನಿಧಾನವಾಗುತ್ತದೆ. ಕೊಂಡ ದಿನವೇ ಹಿಂಬದಿಗೆ ರಬ್ಬರ್ ಕವರ್, ಮುಂದೆ ಗಾಜಿನ ಹಾಳೆ ಹಾಕಿಸಿರಿ. ಅದು ಕೆಲವು ನೂರು ರೂಪಾಯಿಯ ಖರ್ಚು. ಒಡೆದ ಪರದೆ ಬದಲಿಸಲು ಸಾವಿರಗಟ್ಟಲೆ ಬೇಕು.

ಅಂಗಡಿಯಲ್ಲಿ

ಕೊಡುವ ಹಣಕ್ಕೆ ರಸೀದಿ ಕೇಳಲು ಸಂಕೋಚ ಬೇಡ. ಕೈ ಚೀಟಿ ಸಾಲದು. ಮುದ್ರಿತ ಬಿಲ್ಲಿನಲ್ಲಿ ಫೋನಿನ ಐ.ಎಂ.ಇ.ಐ. ಸಂಖ್ಯೆ ಬರೆದಿರಬೇಕು. ಇದು 15 ಅಂಕಿಗಳ ಸಂಖ್ಯೆ. ಫೋನಿನಲ್ಲಿ *#06# ಒತ್ತಿದರೆ ಕಾಣುತ್ತದೆ. ಫೋನಿನಲ್ಲಿ, ಪೆಟ್ಟಿಗೆಯಲ್ಲಿ, ಬಿಲ್ಲಿನಲ್ಲಿ ಮೂರೂ ಕಡೆ ಒಂದೇ ಇರಬೇಕು. ಕೈ ಬದಲಾದ ಹಳೆಯ ಫೋನು ಕೊಳ್ಳುವವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು. ಸಂದೇಶದಲ್ಲಿ ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಒಂದು ತೆರಪು ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಕಳುಹಿಸಿದರೆ ಫೋನಿನ ವಿವರ ಬರುತ್ತದೆ. ಫೋನು ಕಳೆದುಹೋದರೆ ಪೊಲೀಸು ದೂರಿನ ಪ್ರತಿಯೊಡನೆ ‘ಸಂಚಾರ್ ಸಾಥಿ’ ವ್ಯವಸ್ಥೆಯ ಮೂಲಕ ಅದನ್ನು ಬಂದ್ ಮಾಡಿಸಲೂ ಈ ಸಂಖ್ಯೆಯೇ ಬೇಕು. ಅದನ್ನು ಪಹಣಿ, ಪಾಸ್ ಪುಸ್ತಕಗಳ ಜೊತೆ ಬರೆದಿಡಿರಿ.

ಗ್ಯಾರಂಟಿ ಸಾಮಾನ್ಯವಾಗಿ ಫೋನಿಗೆ ಒಂದು ವರ್ಷ, ಚಾರ್ಜರ್ ಮುಂತಾದವುಗಳಿಗೆ ಆರು ತಿಂಗಳು. ರಿಪೇರಿ ಕೇಂದ್ರ ನಿಮ್ಮ ತಾಲ್ಲೂಕಿನಲ್ಲೋ ಜಿಲ್ಲಾ ಕೇಂದ್ರದಲ್ಲೋ ಎಂದು ವಿಚಾರಿಸಿರಿ. ಎರಡು ಸಲ ಬಸ್ಸಿಗೆ ಹೋಗಿ ಬರುವ ಖರ್ಚು, ಕೆಲಸ ತಪ್ಪಿದ ಕೂಲಿ ಸೇರಿದರೆ ಅಗ್ಗದ ಫೋನು ಅಗ್ಗವಾಗಿ ಉಳಿಯದು.

ತಂದ ಮೇಲೆ ಪೋಷಣೆ

ಉರಿಬಿಸಿಲಿನಲ್ಲಿ ಟ್ರ್ಯಾಕ್ಟರಿನ ಮೇಲೆ ಫೋನು ಇಡಬಾರದು. 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜು ಮಾಡಿದರೆ ಬ್ಯಾಟರಿ ಹಾಳಾಗುತ್ತದೆ. ಚಾರ್ಜರುಗಳು ಸಾಮಾನ್ಯವಾಗಿ 240 ವೋಲ್ಟಿನವರೆಗೆ ಮಾಡಿದಂಥವು. ಪಂಪ್ ಮನೆಯಲ್ಲಿ ನ್ಯೂಟ್ರಲ್ ತಂತಿ ಕಡಿದಾಗ ವೋಲ್ಟೇಜ್ ಅದಕ್ಕಿಂತ ಬಹಳ ಏರುವ ಸಂಭವವಿರುವುದರಿಂದ ಮನೆಯಲ್ಲಿ ಚಾರ್ಜು ಮಾಡುವುದೇ ಕ್ಷೇಮ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜಿಗೆ ಸಿಕ್ಕಿಸಿದ ಫೋನಿನಲ್ಲಿ ಮಾತನಾಡಬಾರದು.

ಫೋನು ನೀರಿಗೆ ಬಿದ್ದರೆ ತಕ್ಷಣ ಆರಿಸಿ, ಸಾಧ್ಯವಿದ್ದರೆ ಬ್ಯಾಟರಿ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಚಾರ್ಜಿನ ತೂತು ಕೆಳಮುಖವಾಗಿರುವಂತೆ ಗಾಳಿಯಲ್ಲಿ ಒಂದೆರಡು ದಿನ ಒಣಗಿಸಿರಿ. ಅಕ್ಕಿಯಲ್ಲಿ ಹೂಳುವುದು ಬೇಡ. ಅದರ ಪುಡಿ ಒಳಗೆ ಸೇರುತ್ತದೆ. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸಬಾರದು, ಚುಚ್ಚಬಾರದು, ಅದು ಹೊತ್ತಿಕೊಳ್ಳಬಹುದು. ಔಷಧಿ ಸಿಂಪಡಿಸುವಾಗ ಫೋನನ್ನು ಬದುವಿನ ಮೇಲೆ ಬಿಟ್ಟು, ಕೈ ಸೋಪು ಹಚ್ಚಿ ತೊಳೆದ ಮೇಲೆಯೇ ಮುಟ್ಟಿರಿ. ಕೈಯ ವಿಷ ಫೋನಿಗೆ, ಫೋನಿನಿಂದ ಕೆನ್ನೆಗೆ, ಮನೆಯಲ್ಲಿ ಮಗುವಿನ ಬಾಯಿಗೆ ಹೋಗುತ್ತದೆ.

ಓ.ಟಿ.ಪಿ.ಯನ್ನು ಯಾರು ಕೇಳಿದರೂ ಹೇಳಬಾರದು. ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ನೆನಪಿಡಬೇಕಾದ ಅಂಶಗಳು

1. ಮೊದಲು ಕೆಲಸ, ನಂತರ ಸಿಗ್ನಲ್, ಆಮೇಲೆ ಫೋನು.
2. ಬಟನ್ ಫೋನಾದರೂ 4ಜಿ ವೋಲ್ಟೆ ಇರಲಿ.
3. ಬ್ಯಾಟರಿ ಬದಲಿಸುವಂತಿರಲಿ, ಮಾನಕ ಬ್ಯೂರೋದ ಗುರುತು ಇರಲಿ.
4. ಬಿಸಿಲಿನಲ್ಲಿ ಪರದೆ ಓದಿ, ಹೆಬ್ಬೆರಳಿನಿಂದ ಅಂಕಿ ಒತ್ತಿ ನೋಡಿ.
5. ಕನ್ನಡ ಸಂದೇಶ ತರಿಸಿ ಓದಿ.
6. ಐ.ಎಂ.ಇ.ಐ. ಬರೆದ ಬಿಲ್ಲು ಪಡೆಯಿರಿ.
7. ಆಪತ್ಕಾಲದ ಬಟನ್ನನ್ನು ಮನೆಮಂದಿಗೆಲ್ಲ ಕಲಿಸಿ.

ಈ ಏಳು ಪರೀಕ್ಷೆಗಳಿಗೆ ಹಣ ಬೇಕಿಲ್ಲ; ಅರ್ಧ ದಿನದ ಹೊತ್ತು ಸಾಕು. ಎತ್ತಿನ ಹಲ್ಲು ನೋಡಲು ಕೊಡುವಷ್ಟು ಗಮನವನ್ನು ಫೋನಿಗೂ ಕೊಟ್ಟರೆ, ನಡುರಾತ್ರಿ ಹೊಲದಲ್ಲಿ ನಿಂತು ನೀವು ಮಾಡಿದ ಕರೆ ಮನೆಗೆ ತಲುಪುತ್ತದೆ.