ತಿದ್ದುವ ಮುನ್ನ ಕೇಳುವುದು: ಕಾಗುಣಿತ ಸೂಚಿಸುವ ಸಾಧನದ ಮೇಲೊಂದು ಪಾಠ

ತರಗತಿ: 10
ವಿಷಯ: ವಿಜ್ಞಾನ (ಹಾರ್ಮೋನುಗಳು, ಅನುಸರಣಾ ಪಾಠ)
ಅವಧಿ: 40 ನಿಮಿಷ
ಸಾಮಗ್ರಿ: ಕಪ್ಪುಹಲಗೆ, ಪದಚೀಟಿಗಳು

ಹಿನ್ನೆಲೆ

ಇನ್ಸುಲಿನ್ ಕುರಿತ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ಕೊಟ್ಟಿದ್ದೆ. ಈ ವಿಷಯದಲ್ಲಿ ಇನ್ನಷ್ಟು ತಿಳಿಯಲು ಯಾವ ಪದವನ್ನು ಹುಡುಕುವಿರೋ ಅದನ್ನು ಇಂಗ್ಲಿಷಿನಲ್ಲಿ ಚೀಟಿಯ ಮೇಲೆ ಬರೆದುಕೊಡಬೇಕು. ಒಬ್ಬ ವಿದ್ಯಾರ್ಥಿನಿ ಹೈಪೊಗ್ಲೈಸೀಮಿಯಾ ಎಂದು ಬರೆಯುವಾಗ ಎರಡನೆಯ ಅಕ್ಷರ ‘ವೈ’ ಬದಲು ‘ಐ’ ಹಾಕಿದ್ದಳು. ರಕ್ತದಲ್ಲಿ ಸಕ್ಕರೆ ಹೆಚ್ಚಾಗುವುದನ್ನೇ ನಾನು ಪಾಠದಲ್ಲಿ ಒತ್ತಿ ಹೇಳಿದ್ದೆ. ಹಾಗಾಗಿ ಅವಳ ಮನಸ್ಸಿನಲ್ಲಿದ್ದುದು ಹೈಪರ್‌ಗ್ಲೈಸೀಮಿಯಾ ಎಂದು ಭಾವಿಸಿ, ಕೆಂಪು ಶಾಯಿಯಲ್ಲಿ ಹಾಗೆಯೇ ತಿದ್ದಿಕೊಟ್ಟೆ.

ಮರುದಿನ ಅವಳು ಹಿಂಜರಿಯುತ್ತಲೇ ಬಂದು, “ಮಿಸ್, ನಮ್ಮಜ್ಜಿ ಇನ್ಸುಲಿನ್ ತೊಗೋತಾರೆ. ಸಕ್ಕರೆ ಕಡಿಮೆಯಾದಾಗ ಬೆವರು, ನಡುಕ ಬರುತ್ತೆ. ಡಾಕ್ಟರು ಹೇಳಿದ್ದ ಪದ ಅದು” ಎಂದಳು. ಒಂದು ಪದ ಸಕ್ಕರೆ ಕಡಿಮೆಯಾದ ಸ್ಥಿತಿ, ಇನ್ನೊಂದು ಹೆಚ್ಚಾದ ಸ್ಥಿತಿ. ಅಜ್ಜಿಗೆ ಆಗ ಬೇಕಾದದ್ದು ಸಕ್ಕರೆ. ನನ್ನ ತಿದ್ದುಪಡಿ ಅದಕ್ಕೆ ನೇರ ವಿರುದ್ಧವಾದ ಪದವನ್ನು ಅವಳ ಕೈಗೆ ಕೊಟ್ಟಿತ್ತು. ಮುಂದಿನ ಪಾಠವನ್ನು ಈ ತಪ್ಪಿನಿಂದಲೇ ಕಟ್ಟಿದೆ.

ಹಂತ 1: ಸಾಧನದ ಪರಿಚಯ

ವೈದ್ಯಕೀಯ ಲೇಖನಗಳನ್ನು ಹುಡುಕಲು ಜಗತ್ತಿನಾದ್ಯಂತ ಬಳಸುವ ಪಬ್‌ಮೆಡ್ ಅನ್ನು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುತ್ತದೆ. 1997ರಿಂದ ಅದು ಸಾರ್ವಜನಿಕರಿಗೆ ಉಚಿತ. ಅದರಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. ಹುಡುಕುವ ಪದದ ಕಾಗುಣಿತ ತಪ್ಪಿದರೆ ಸರಿಯಾದ ರೂಪ ಸೂಚಿಸಲು ‘ಇ-ಸ್ಪೆಲ್’ ಎಂಬ ಸೇವೆಯಿದೆ. ಆಸ್ತಮಾ ಪದದ ಕೊನೆಗೆ ಒಂದು ‘ಎ’ ಹೆಚ್ಚಾಗಿ, ಅಲರ್ಜೀಸ್ ಪದದಲ್ಲಿ ಒಂದು ‘ಎಲ್’ ಕಡಿಮೆಯಾಗಿ ಬರೆದರೆ, ಅದು ಎರಡನ್ನೂ ಸರಿಪಡಿಸಿ ತೋರಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಉತ್ತರದಲ್ಲಿ ನಾವು ಬರೆದ ಮೂಲ ರೂಪವೂ ತಿದ್ದಿದ ರೂಪವೂ ಅಕ್ಕಪಕ್ಕ ಇರುತ್ತವೆ. ಮೂಲವನ್ನು ಅದು ಅಳಿಸುವುದಿಲ್ಲ.

ಹಂತ 2: ನಾಲ್ಕು ಬಗೆಯ ತಪ್ಪುಗಳು

ಕಾಗುಣಿತದ ತಪ್ಪುಗಳಲ್ಲಿ ಶೇ. 80ಕ್ಕೂ ಹೆಚ್ಚು ಒಂದೇ ಅಕ್ಷರದ ಸುತ್ತ ನಡೆಯುವ ನಾಲ್ಕು ಬಗೆಯವು ಎಂದು ಫ್ರೆಡ್ ಡ್ಯಾಮರಾವ್ 1964ರಲ್ಲಿ ತೋರಿಸಿದರು. ಆಸ್ತಮಾ ಪದವನ್ನೇ ಹಲಗೆಯ ಮೇಲೆ ಬರೆದು ನಾಲ್ಕನ್ನೂ ಮಾಡಿಸಿದೆ.

ಸೇರ್ಪಡೆ: ಕೊನೆಗೆ ಇನ್ನೊಂದು ‘ಎ’.
ಲೋಪ: ‘ಎಚ್’ ಬಿಟ್ಟುಹೋಗುವುದು.
ಬದಲಿ: ‘ಎಚ್’ ಜಾಗದಲ್ಲಿ ‘ಎ’. ಕನ್ನಡದ ಉಚ್ಚಾರಣೆಯಂತೆ ಬರೆಯುವ ನಮ್ಮ ಮಕ್ಕಳು ಮಾಡುವುದು ಇದನ್ನೇ.
ಸ್ಥಾನಪಲ್ಲಟ: ‘ಟಿ’ ಮತ್ತು ‘ಎಚ್’ ಅದಲುಬದಲು.

ಒಂದು ಪದದಿಂದ ಇನ್ನೊಂದಕ್ಕೆ ಹೋಗಲು ಇಂಥ ಎಷ್ಟು ಹೆಜ್ಜೆ ಬೇಕೋ ಅದು ಆ ಪದಗಳ ನಡುವಿನ ದೂರ. ಕಾಗುಣಿತ ಸಾಧನಗಳು ಸಾಮಾನ್ಯವಾಗಿ ಈ ದೂರವನ್ನೂ, ಪದ ಎಷ್ಟು ಬಳಕೆಯಲ್ಲಿದೆ ಎಂಬುದನ್ನೂ ಒಟ್ಟಿಗೆ ನೋಡಿ ಸೂಚನೆ ಕೊಡುತ್ತವೆ.

ಹಂತ 3: ನನ್ನ ತಿದ್ದುಪಡಿಯ ಪರೀಕ್ಷೆ

ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಅವಳ ಪದವನ್ನು ಹಲಗೆಯ ಮೇಲೆ ಬರೆದೆ. ಹೈಪೊ ತಲುಪಲು ಮಕ್ಕಳಿಗೆ ಒಂದೇ ಹೆಜ್ಜೆ ಸಾಕಾಯಿತು: ‘ಐ’ ಹೋಗಿ ‘ವೈ’. ಹೈಪರ್‌ಗೆ ಮೂರು ಬೇಕಾದವು: ‘ಐ’ ಜಾಗಕ್ಕೆ ‘ವೈ’, ‘ಓ’ ಜಾಗಕ್ಕೆ ‘ಇ’, ಜೊತೆಗೆ ಹೊಸದೊಂದು ‘ಆರ್’. ಬರಿಯ ಅಕ್ಷರ ಎಣಿಸಿದ್ದರೂ ಸರಿಯುತ್ತರ ಸಿಗುತ್ತಿತ್ತು. ಅವಳು ಬರೆದದ್ದನ್ನು ಓದದೆ ನನ್ನ ಊಹೆಯನ್ನು ಓದಿದ್ದೆ ಎಂದು ತರಗತಿಯಲ್ಲೇ ಒಪ್ಪಿಕೊಂಡೆ.

ಹಂತ 4: ಸಾಧನದ ಮಿತಿ

ಹಿಂದಿನ ಬೆಂಚಿನ ಹುಡುಗನೊಬ್ಬ, “ಅವಳು ಹೈಪರ್ ಅಂತಲೇ ಸರಿಯಾಗಿ ಬರೆದಿದ್ದರೆ?” ಎಂದು ಕೇಳಿದ. ಈ ಪ್ರಶ್ನೆ ನನ್ನ ಯೋಜನೆಯಲ್ಲಿರಲಿಲ್ಲ. ಉತ್ತರವಾಗಿ ಇಲಿಯಂ ಎಂಬ ಪದ ತೆಗೆದುಕೊಂಡೆ. ಕನ್ನಡದಲ್ಲಿ ಬರೆದರೆ ಒಂದೇ ರೂಪ. ಇಂಗ್ಲಿಷಿನಲ್ಲಿ ಮೂರನೆಯ ಅಕ್ಷರ ‘ಇ’ ಆದರೆ ಸಣ್ಣಕರುಳಿನ ಕೊನೆಯ ಭಾಗ. ‘ಐ’ ಆದರೆ ಸೊಂಟದ ಮೂಳೆಯ ಭಾಗ. ಎರಡೂ ಸರಿಯಾದ ಪದಗಳೇ ಆದ್ದರಿಂದ ಒಂದರ ಬದಲು ಇನ್ನೊಂದನ್ನು ಬರೆದರೆ ಅದು ಕಾಗುಣಿತದ ತಪ್ಪಾಗಿ ಕಾಣುವುದಿಲ್ಲ. ಕರುಳಿನ ಬಗ್ಗೆ ಹುಡುಕಿದವರಿಗೆ ಮೂಳೆಯ ಲೇಖನಗಳು ಬರಬಹುದು. ಅಲ್ಲಿ ಎಚ್ಚರ ಹುಡುಕುವವರದ್ದೇ.

ಮೌಲ್ಯಮಾಪನ

ಜೋಡಿಗಳಲ್ಲಿ ಐದು ತಪ್ಪು ಪದಗಳಿಗೆ ಹತ್ತಿರದ ಸರಿಪದ ಗುರುತಿಸಿ ಹೆಜ್ಜೆ ಎಣಿಸಲು ಕೊಟ್ಟೆ. ಸ್ಥಾನಪಲ್ಲಟವನ್ನು ಕೆಲವರು ಎರಡು ಬದಲಿಗಳೆಂದು ಎಣಿಸಿದರು. ವ್ಲಾಡಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಸೂಚಿಸಿದ ಕ್ರಮದಲ್ಲಿ ಅದೂ ಸರಿಯೇ ಆದ್ದರಿಂದ ಎರಡಕ್ಕೂ ಅಂಕ ಕೊಟ್ಟೆ.

ಪ್ರತಿಫಲನ

ಈ ಪಾಠದ ನಂತರ ಚೀಟಿ, ನೋಟ್ಸ್ ತಿದ್ದುವಾಗ ಎರಡು ನಿಯಮ ಪಾಲಿಸುತ್ತಿದ್ದೇನೆ. ಮಗು ಬರೆದ ಪದದ ಮೇಲೆ ಗೀಟು ಹಾಕದೆ, ಪಕ್ಕದಲ್ಲಿ ನನ್ನ ರೂಪವನ್ನು ಪ್ರಶ್ನೆಚಿಹ್ನೆಯೊಂದಿಗೆ ಬರೆಯುತ್ತೇನೆ. ಅರ್ಥ ಬದಲಾಗುವ ಸಾಧ್ಯತೆಯಿದ್ದರೆ ಮಗುವನ್ನು ಕರೆದು ಕೇಳುತ್ತೇನೆ. ಇದಕ್ಕೆ ಹೆಚ್ಚು ಸಮಯ ಬೇಕು, ನಿಜ. ನಲವತ್ತು ಪುಸ್ತಕಗಳಿದ್ದ ದಿನ ಎಲ್ಲರನ್ನೂ ಕರೆಯಲು ಆಗಿಲ್ಲ. ಆದರೆ ಪ್ರಶ್ನೆಚಿಹ್ನೆ ಕಂಡ ಮಕ್ಕಳು ಈಗ ತಾವಾಗಿಯೇ ಬಂದು, “ಮಿಸ್, ನಾನು ಹೇಳಿದ್ದು ಅದಲ್ಲ” ಎನ್ನುತ್ತಾರೆ.