ಗುಳಿಗೆ ನಿಂತ ಮೇಲೆ

ಹೃದ್ರೋಗವಿಲ್ಲದ ವೃದ್ಧರಿಗೆ ನಿತ್ಯವೂ 100 ಮಿಲಿಗ್ರಾಂ ಆಸ್ಪಿರಿನ್ ಹಿತಕರವೇ ಎಂದು ಅರಿಯಲು ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ 2010ರಲ್ಲಿ 'ಆಸ್ಪ್ರೀ' ಪ್ರಯೋಗ ಆರಂಭವಾಯಿತು. ಪಾಲ್ಗೊಂಡವರು 19,114 ಮಂದಿ. ಬಹುಪಾಲು ಎಪ್ಪತ್ತು ದಾಟಿದವರು. 2017ರಲ್ಲಿ ಗುಳಿಗೆ ನಿಂತಿತು. ಪರಾಧೀನತೆಯಿಲ್ಲದ ಆಯುಷ್ಯ ಹೆಚ್ಚಿರಲಿಲ್ಲ, ರಕ್ತಸ್ರಾವ ಹೆಚ್ಚಿತ್ತು. ಅನಿರೀಕ್ಷಿತವಾಗಿ, ಆಸ್ಪಿರಿನ್ ಸೇವಿಸಿದವರಲ್ಲಿ ಕ್ಯಾನ್ಸರಿನ ಮರಣಗಳೂ ತುಸು ಅಧಿಕವಾಗಿ ಕಂಡುಬಂದವು. ಇದು ಆಕಸ್ಮಿಕವೋ, ಔಷಧದ ಪರಿಣಾಮವೋ? ತಿಳಿಯಲು ಅದೇ ವೃದ್ಧರನ್ನು ಮತ್ತೆ ಸಂಪರ್ಕಿಸಿ, ಒಪ್ಪಿಗೆ ಪಡೆದು, ವಾರ್ಷಿಕ ತಪಾಸಣೆಯನ್ನು ಮುಂದುವರಿಸಲಾಯಿತು.

ತೊಡಕಿರುವುದು ಇಲ್ಲಿಯೇ. ಕರೆಗೆ ಓಗೊಟ್ಟು ಬರುವವರು ಗಟ್ಟಿಮುಟ್ಟಾದವರು. ಹಾಸಿಗೆ ಹಿಡಿದವರು, ಮರೆವಿಗೆ ಸಿಲುಕಿದವರು, ಮಕ್ಕಳ ಮನೆಗೆ ವಾಸ ಬದಲಿಸಿದವರು (ನಗರವಾಸಿಗಳಿಗೆ ಇದು ಹೊಸತಲ್ಲ) ಕಣ್ಮರೆಯಾಗುತ್ತಾರೆ. ಬಂದವರನ್ನಷ್ಟೇ ಎಣಿಸಿದರೆ ಹಾನಿಕರ ಔಷಧವೂ ನಿರಪಾಯವೆಂದು ತೋರೀತು. ಬಾರದವರನ್ನು ದೂರವಾಣಿಯಲ್ಲಿ ವಿಚಾರಿಸಿ, ಅವರ ವೈದ್ಯಕೀಯ ದಾಖಲೆಗಳನ್ನೂ ಪರಿಶೀಲಿಸುವ ಕ್ರಮವನ್ನು ಅಲ್ಲಿ ಇರಿಸಿಕೊಂಡದ್ದು ಇದಕ್ಕಾಗಿಯೇ.