ಮತ ನಮ್ಮದು, ಮೊಬೈಲೂ ನಮ್ಮದೇ: ಬೇಡದ ಪ್ರಚಾರ ಸಂದೇಶ ತಡೆಯುವುದು ಹೇಗೆ?

ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಹಾಸಿನ ಎಳೆ ಕಡಿದರೆ ನೇಕಾರರು ಮಗ್ಗ ನಿಲ್ಲಿಸಿ, ತುದಿ ಹುಡುಕಿ ಗಂಟು ಹಾಕಬೇಕು. ಆ ಹೊತ್ತಿಗೇ ಕಿಸೆಯಲ್ಲಿನ ಫೋನ್ ಬಡಿದುಕೊಳ್ಳುತ್ತದೆ. ಸೀರೆ ವ್ಯಾಪಾರಿ ಇರಬಹುದೆಂದು ಎತ್ತಿದರೆ ಧ್ವನಿಮುದ್ರಿತ ಪ್ರಚಾರ! ನಮ್ಮ ಭಾಗದಲ್ಲಿ ಚುನಾವಣೆಗಳು ಒಂದೆರಡಲ್ಲ. ಜಮಖಂಡಿ, ಮುಧೋಳ, ಬೀಳಗಿ ಸ್ವತಃ ವಿಧಾನಸಭಾ ಕ್ಷೇತ್ರಗಳು. ರಬಕವಿ-ಬನಹಟ್ಟಿ ತೇರದಾಳ ಕ್ಷೇತ್ರದಲ್ಲಿದೆ. ಇವುಗಳ ಜೊತೆ ಸಕ್ಕರೆ ಕಾರ್ಖಾನೆ, ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ), ಪಂಚಾಯಿತಿ ಚುನಾವಣೆಗಳೂ ಇವೆ. ಪ್ರಚಾರ ಮಾಡುವುದು ಅವರ ಹಕ್ಕಾದರೆ, ಬೇಡ ಎನ್ನುವುದು ನಮ್ಮ ಹಕ್ಕು. ಅದಕ್ಕೆ ಹೀಗೆ ಮಾಡಿ.

1. ವಾಟ್ಸ್‌ಆ್ಯಪ್‌ಗೆ ಬೇಲಿ ಹಾಕಿ
ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಗ್ರೂಪ್ಸ್ ತೆರೆದು ‘ಮೈ ಕಾಂಟ್ಯಾಕ್ಟ್ಸ್’ ಆರಿಸಿ. ನಿಮ್ಮ ಫೋನಿನಲ್ಲಿ ನಂಬರ್ ಇಲ್ಲದವರು ಆಮೇಲೆ ನಿಮ್ಮನ್ನು ನೇರವಾಗಿ ಗ್ರೂಪಿಗೆ ಸೇರಿಸಲಾರರು. ಈಗಾಗಲೇ ಸೇರಿಸಿದ್ದರೆ ಹೊರಬನ್ನಿ. ನೀವು ಹೊರಬಿದ್ದಾಗ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ, ಹೀಗಾಗಿ ಸಂಕೋಚ ಬೇಡ. ಊರಿನವರದೇ ಗ್ರೂಪ್ ಎಂದು ಬಿಡಲಾಗದಿದ್ದರೆ ಮ್ಯೂಟ್ ಮಾಡಿ. ಅಪರಿಚಿತ ನಂಬರಿನಿಂದ ಸಂದೇಶ ಬಂದರೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

2. 1909ಕ್ಕೆ ತಿಳಿಸಿ
‘ಡು ನಾಟ್ ಡಿಸ್ಟರ್ಬ್’ (ಡಿಎನ್‌ಡಿ) ಪಟ್ಟಿಗೆ ಸೇರಲು ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್’ ಎಂದು ಬರೆದು, ಜಾಗ ಬಿಟ್ಟು 0 ಸೇರಿಸಿ 1909ಕ್ಕೆ ಎಸ್‌ಎಂಎಸ್ ಕಳಿಸಿ. ಕರೆ ಮಾಡಿಯೂ ಹೇಳಬಹುದು. ಬ್ಯಾಂಕಿನ ಒಟಿಪಿಗೆ ಇದರಿಂದ ತೊಂದರೆಯಿಲ್ಲ. ಆದರೆ ಈ ಡಿಎನ್‌ಡಿ ವ್ಯವಸ್ಥೆ ರೂಪುಗೊಂಡದ್ದು ವಾಣಿಜ್ಯ ಸಂದೇಶಗಳನ್ನು ತಡೆಯಲು. ರಾಜಕೀಯ ಕರೆಗಳೆಲ್ಲ ಇದೊಂದರಿಂದಲೇ ನಿಲ್ಲುವುದಿಲ್ಲ. ಅದಕ್ಕಾಗಿ ಮುಂದಿನ ಹೆಜ್ಜೆಗಳೂ ಬೇಕು.

3. ಸಾಕ್ಷಿ ಇಟ್ಟುಕೊಂಡು ದೂರು ಕೊಡಿ
ಸಂದೇಶವನ್ನು ಸಿಟ್ಟಿನಲ್ಲಿ ಅಳಿಸಬೇಡಿ. ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಲೋಕಸಭೆ, ವಿಧಾನಸಭೆ ಚುನಾವಣೆಯಾದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಮತದಾನ ಮುಗಿಯುವ ಹೊತ್ತಿಗಿಂತ ಹಿಂದಿನ 48 ಗಂಟೆಗಳಲ್ಲಿ ರಾಜಕೀಯ ಬಲ್ಕ್ ಎಸ್‌ಎಂಎಸ್ ಕಳಿಸುವುದಕ್ಕೆ ನಿಷೇಧವಿದೆ; ಆಗ ಬಂದದ್ದನ್ನು ತಪ್ಪದೇ ತಿಳಿಸಿ. ಪಂಚಾಯಿತಿ, ಸಹಕಾರ ಸಂಘಗಳ ಚುನಾವಣೆಗೆ ಈ ದಾರಿ ಅನ್ವಯಿಸದು. ಅಲ್ಲಿ ಆಯಾ ಚುನಾವಣಾಧಿಕಾರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ.

ದೂರಿಗೆ ಬೆಲೆಯಿದೆ. 2024ರ ಲೋಕಸಭಾ ಚುನಾವಣೆ ಘೋಷಣೆಯಾದ ಮೇಲೂ ಸರ್ಕಾರದ ‘ವಿಕಸಿತ ಭಾರತ’ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದವು. ಜನ ದೂರಿದರು. ಮಾರ್ಚ್ 21ರಂದು ಚುನಾವಣಾ ಆಯೋಗ ಅವನ್ನು ಕೂಡಲೇ ನಿಲ್ಲಿಸುವಂತೆ ಕೇಂದ್ರದ ಐಟಿ ಸಚಿವಾಲಯಕ್ಕೆ ಸೂಚಿಸಿತು.

4. ಮನೆಬಾಗಿಲಿನ ಕರಪತ್ರ, ಗೋಡೆಯ ಪೋಸ್ಟರ್
ಕರಪತ್ರದ ಮೂಲೆಯನ್ನು ಒಮ್ಮೆ ಗಮನಿಸಿ ಓದಿ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಮುದ್ರಕರ ಹಾಗೂ ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೇಳದೆ ಗೋಡೆಗೆ ಪೋಸ್ಟರ್ ಹಚ್ಚಿದರೆ, ಚುನಾವಣಾ ನೀತಿಸಂಹಿತೆ ಜಾರಿಯಲ್ಲಿರುವಾಗ ಆಯೋಗದ ‘ಸಿ-ವಿಜಿಲ್’ ಆ್ಯಪ್ ಬಳಸಿ. ಸ್ಥಳದಲ್ಲೇ ನಿಂತು ಆ್ಯಪ್‌ನ ಕ್ಯಾಮೆರಾದಿಂದಲೇ ಫೋಟೊ ತೆಗೆಯಬೇಕು. ಗ್ಯಾಲರಿಯ ಹಳೆಯ ಚಿತ್ರ ನಡೆಯದು. ಹೆಸರು ಹೇಳದೆಯೂ ದೂರು ಕೊಡಬಹುದು. 100 ನಿಮಿಷದೊಳಗೆ ಕ್ರಮ ಕೈಗೊಳ್ಳುವುದು ಇದರ ಗುರಿ.

5. ನಂಬರ್ ಕೊಡುವ ಮುನ್ನ ಯೋಚಿಸಿ
ನಮ್ಮ ನಂಬರ್ ಹೊರಹೋಗುವುದು ಬಹುತೇಕ ನಮ್ಮ ಕೈಯಿಂದಲೇ. ಮಿಸ್ಡ್ ಕಾಲ್ ಸದಸ್ಯತ್ವ, ಜಾತ್ರೆಯ ಲಕ್ಕಿ ಕೂಪನ್, ಮನೆಗೆ ಬಂದು ಕೇಳುವ ಸಮೀಕ್ಷೆ, ಎಲ್ಲಕ್ಕೂ ಬರೆದುಕೊಡುತ್ತೇವೆ. 2022ರಲ್ಲಿ ಬೆಂಗಳೂರಿನ ‘ಚಿಲುಮೆ’ ಸಂಸ್ಥೆಯ ಪ್ರಕರಣದಲ್ಲಿ, ಮತದಾರರ ಜಾಗೃತಿಯ ಹೆಸರಿನಲ್ಲಿ ಮನೆಮನೆಯಿಂದ ಖಾಸಗಿ ಮಾಹಿತಿ ಸಂಗ್ರಹಿಸಿದ ಆರೋಪ ಕೇಳಿಬಂದಿತ್ತು. ಸಮೀಕ್ಷೆಗೆ ಬಂದವರ ಗುರುತಿನ ಚೀಟಿ ನೋಡಿ, ಅನುಮಾನ ಬಂದರೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಒಟಿಪಿಯನ್ನಂತೂ ಯಾರಿಗೂ ಹೇಳಬೇಡಿ.

ಇಷ್ಟನ್ನು ನಿಮ್ಮ ಫೋನಿನಲ್ಲಿ ಮಾಡಿದ ಮೇಲೆ ಅವ್ವ, ಅಪ್ಪ, ಅಜ್ಜನ ಫೋನನ್ನೂ ತೆಗೆದುಕೊಂಡು ಮಾಡಿಕೊಡಿ. ಪ್ರಚಾರದ ಸದ್ದು ಕಡಿಮೆಯಾದಷ್ಟೂ ಯಾರಿಗೆ ಮತ ಹಾಕಬೇಕೆಂದು ನೆಮ್ಮದಿಯಿಂದ ಯೋಚಿಸಬಹುದು. ಸಂದೇಶ ಬೇಡವೆನ್ನಿ, ಮತದಾನ ಮಾತ್ರ ತಪ್ಪಿಸಬೇಡಿ.